ಜಿಗಣಿಯ ಮೊಂಡುವಾದಿ

ಮಹದೇವಪುರ
10 ಫೆಬ್ರವರಿ 2025

ಅಮರೇಶ್ ಅವರಿಗೆ, ನಮಸ್ಕಾರ.

ನಿನ್ನೆ ನಮ್ಮ ಮನೆಗೆ ಹೆಣ್ಣು ನೋಡಲು ಬಂದು, ಎರಡನೇ ಸಲ ಉಪ್ಪಿಟ್ಟು ಹಾಕಿಸಿಕೊಂಡು, ನನ್ನೊಡನೆ ಜಗಳ ಆಡಿ ಹೋದವರು ನೀವೇ ತಾನೆ? ಹಾಗಿದ್ದರೆ ಈ ಪತ್ರ ನಿಮಗೇ. ವಿಳಾಸ ನಿಮ್ಮ ಬಯೋಡೇಟಾದಲ್ಲಿತ್ತು.

ಹಿರಿಯರು "ಮಾತಾಡಿಕೊಳ್ಳಿ" ಎಂದು ನಮ್ಮಿಬ್ಬರನ್ನು ಬಾಲ್ಕನಿಗೆ ಕಳಿಸಿದ್ದು ಊಟ, ಹವ್ಯಾಸ, ಕೆಲಸದ ವೇಳೆ ಇಂಥವನ್ನು ಕೇಳಿಕೊಳ್ಳಲಿ ಎಂದು. ನೀವು ಗೋಡೆಯ ಮೇಲಿದ್ದ ಗ್ಯಾಲಕ್ಸಿಯ ಚಿತ್ರ ನೋಡಿ "ಇದು ತಿರುಗುತ್ತಾ?" ಎಂದು ಕೇಳಿದಿರಿ. ಹೆಣ್ಣು ನೋಡಲು ಬಂದ ಯಾರೂ ಈವರೆಗೆ ಆ ಚಿತ್ರದ ಕಡೆ ಕಣ್ಣೆತ್ತಿಯೂ ನೋಡಿರಲಿಲ್ಲ. ಹಾಗಾಗಿ ನಾನು ಒಂದೇ ಉಸಿರಿಗೆ ಶುರು ಮಾಡಿಬಿಟ್ಟೆ. ನಿಮಗೆ ಅರ್ಧ ತಲುಪಿತೋ ಇಲ್ಲವೋ ಎಂದು ಇಲ್ಲಿ ಮತ್ತೆ ಹೇಳುತ್ತೇನೆ.

ಸೂರ್ಯನ ಹತ್ತಿರ ಇರುವ ಬುಧ ಓಡುತ್ತದೆ, ದೂರದ ನೆಪ್ಚೂನ್ ತೆವಳುತ್ತದೆ. ದೂರ ಹೋದಷ್ಟೂ ಸೆಳೆತ ಕಡಿಮೆ, ಅದಕ್ಕೆ. ಗ್ಯಾಲಕ್ಸಿಯಲ್ಲೂ ಅಂಚಿನ ನಕ್ಷತ್ರಗಳು ನಿಧಾನವಾಗಿ ಸುತ್ತಬೇಕು. ಅವು ಹಾಗೆ ಸುತ್ತುವುದಿಲ್ಲ! ಒಳಗಿನವು ಎಷ್ಟು ವೇಗವೋ ಅಂಚಿನವೂ ಹೆಚ್ಚುಕಡಿಮೆ ಅಷ್ಟೇ ವೇಗ. ಕಣ್ಣಿಗೆ ಕಾಣುವ ನಕ್ಷತ್ರ, ಅನಿಲ ಎಲ್ಲ ಕೂಡಿಸಿದರೂ ಆ ವೇಗದಲ್ಲಿ ಓಡುವವನ್ನು ಹಿಡಿದಿಡುವಷ್ಟು ಸೆಳೆತ ಬರುವುದಿಲ್ಲ. ಎಲ್ಲ ಚೆಲ್ಲಾಪಿಲ್ಲಿ ಆಗಬೇಕಿತ್ತು, ಆಗಿಲ್ಲ. ಅಂದರೆ ಅಲ್ಲಿ ನಮಗೆ ಕಾಣದ ಏನೋ ಬಹಳ ಇದೆ. ಅದೇ ಡಾರ್ಕ್ ಮ್ಯಾಟರ್.

ಅದಕ್ಕೆ ನೀವು ಅಂದದ್ದು: "ಕಾಣದ್ದನ್ನ ತಂದು ಸೇರಿಸಿದ್ರೆ ಯಾವ ಲೆಕ್ಕ ಬೇಕಾದ್ರೂ ಸರಿಹೋಗುತ್ತಲ್ರೀ. ನಿಮ್ ಸೂತ್ರಾನೇ ತಪ್ಪಿದ್ರೆ?" ನಾನು ಬಾಯಿ ತೆರೆಯುವಷ್ಟರಲ್ಲಿ ಅಮ್ಮ ಕಾಫಿಗೆ ಕರೆದರು.

ಕೇಳಿ. ನಿಮ್ಮ ಹಾಗೆ ಯೋಚಿಸುವ ವಿಜ್ಞಾನಿಗಳೂ ಇದ್ದಾರೆ. ಸೆಳೆತ ತೀರಾ ಕ್ಷೀಣವಾದ ಕಡೆ ಗುರುತ್ವದ ನಿಯಮವೇ ಬೇರೆ, ಕಾಣದ ದ್ರವ್ಯ ಯಾವುದೂ ಬೇಕಿಲ್ಲ ಎನ್ನುತ್ತಾರೆ. ಇಂಗ್ಲಿಷಿನಲ್ಲಿ ಆ ಸಿದ್ಧಾಂತದ ಹೆಸರು ಮಾಂಡ್. ನಾನು ಕನ್ನಡದಲ್ಲಿ ಮೊಂಡುವಾದ ಅನ್ನುತ್ತೇನೆ. ಇವತ್ತಿನಿಂದ ನೀವು ಮೊಂಡುವಾದಿ.

ಉತ್ತರ ಬರೆಯಿರಿ. ವಾಟ್ಸಾಪ್ ಬೇಡ, ನೀಲಿ ಟಿಕ್ ಕಾಯುತ್ತ ಕೂರುವ ರೋಗ ನನಗಿದೆ. ಇಲ್ಲಿಂದ ಜಿಗಣಿಗೆ ನಾನೇ ಹೊರಟರೆ ಸಿಲ್ಕ್ ಬೋರ್ಡಿನ ಟ್ರಾಫಿಕ್ ದಾಟುವಷ್ಟರಲ್ಲಿ ವಾದವೇ ಮರೆತುಹೋಗುತ್ತದೆ, ಅಂಚೆಯೇ ವಾಸಿ. ಯುಗಾದಿಯೊಳಗೆ ಹೌದೋ ಅಲ್ಲವೋ ಹೇಳಿ ಎಂದು ಹಿರಿಯರು ಹೇಳಿದ್ದಾರಲ್ಲ, ಅದಕ್ಕೂ ಈ ಜಗಳಕ್ಕೂ ಸಂಬಂಧವಿಲ್ಲ. ಇದೆ ಅಂದುಕೊಂಡರೂ ನನ್ನದೇನೂ ಅಡ್ಡಿಯಿಲ್ಲ.

ಇತಿ,
ನಿವೇದಿತಾ

*

ಜಿಗಣಿ
17 ಫೆಬ್ರವರಿ 2025

ನಿವೇದಿತಾ ಅವರಿಗೆ, ಶರಣು.

ನಿಮ್ಮ ಲಕೋಟೆ ಬಂದ ದಿನ ನಮ್ಮ ಮನೆಯಲ್ಲಿ ಗಲಾಟೆ. ಕೈಬರಹದ ವಿಳಾಸ, ಅಂಚೆಚೀಟಿ! ನಮ್ಮವ್ವ ಗಂಗಮ್ಮನವರು ಅದನ್ನು ಬೆರಳ ತುದಿಯಲ್ಲಿ ಹಿಡಿದು "ಕೋರ್ಟ್ ನೋಟೀಸೇನೋ ಇದು?" ಎಂದರು. ಲಿಂಗಸುಗೂರು ಬಿಟ್ಟು ಇಲ್ಲಿಗೆ ಬಂದು ಎಷ್ಟೋ ವರ್ಷವಾದರೂ ಅಂಚೆಯವನು ಬಂದರೆ ಏನೋ ಕೆಟ್ಟ ಸುದ್ದಿ ಎಂದೇ ಅವರ ಲೆಕ್ಕ.

ಉಪ್ಪಿಟ್ಟು ಚೆನ್ನಾಗಿತ್ತು, ಅದಕ್ಕೆ ಹಾಕಿಸಿಕೊಂಡೆ. ಜಗಳ ನಾನು ಆಡಲಿಲ್ಲ, ಒಂದು ಪ್ರಶ್ನೆ ಕೇಳಿದೆ ಅಷ್ಟೆ.

ನನಗೆ ಖಗೋಳ ಗೊತ್ತಿಲ್ಲ, ತಿರುಗುವುದು ಗೊತ್ತು. ನಮ್ಮ ಕಾರ್ಖಾನೆಯಲ್ಲಿ ಆಳೆತ್ತರದ ಫ್ಯಾನುಗಳನ್ನು ಮಾಡುತ್ತೇವೆ, ಸಿಮೆಂಟ್ ಕಾರ್ಖಾನೆಗಳಿಗೆ ಹೋಗುವಂಥವು. ಅವು ಅದುರದೆ ತಿರುಗುವಂತೆ ಮಾಡುವ ಬ್ಯಾಲೆನ್ಸಿಂಗ್ ವಿಭಾಗ ನನ್ನದು. ಫ್ಯಾನ್ ಅದುರಿದರೆ ಎಲ್ಲೋ ಒಂದು ಕಡೆ ಭಾರ ಹೆಚ್ಚಿದೆ ಎಂದು ಯಂತ್ರ ತೋರಿಸುತ್ತದೆ. ಆ ಭಾರ ಕಣ್ಣಿಗೆ ಕಾಣುವುದಿಲ್ಲ. ಎದುರು ಬದಿಗೆ ಒಂದು ತುಂಡು ಕಬ್ಬಿಣ ವೆಲ್ಡ್ ಮಾಡಿದರೆ ಅದುರುವುದು ನಿಲ್ಲುತ್ತದೆ. ಹಾಗೆ ನೋಡಿದರೆ ನಾನು ನಿಮ್ಮ ಪಕ್ಷದವನೇ ಆಗಬೇಕಿತ್ತು.

ಆದರೆ ಕಳೆದ ದಸರಾಕ್ಕೆ ಮುಂಚೆ ಒಂದು ಫ್ಯಾನ್ ಬಂತು. ಯಂತ್ರ ಇಲ್ಲಿ ಭಾರ ಎಂದಿತು, ಎದುರಿಗೆ ಕಬ್ಬಿಣ ಹಾಕಿದೆವು. ಆಮೇಲೆ ಅಲ್ಲಿ ಭಾರ ಎಂದಿತು, ಅದರ ಎದುರಿಗೂ ಹಾಕಿದೆವು. ಮಧ್ಯಾಹ್ನದ ಹೊತ್ತಿಗೆ ಆ ಫ್ಯಾನ್ ಮದುವೆ ಹೆಣ್ಣಿನ ಹಾಗೆ ಮೈತುಂಬಾ ಹೇರಿಕೊಂಡು ನಿಂತಿತ್ತು, ಅದುರುವುದು ಮಾತ್ರ ನಿಲ್ಲಲಿಲ್ಲ. ನಮ್ಮ ಹಿರಿಯ ಆಪರೇಟರ್ ಚಿಕ್ಕಬೈರಪ್ಪ ಬೇಸರ ಬಂದು ಯಂತ್ರಕ್ಕೆ ಒದ್ದ. ಖಣ್ ಎಂದಿತು. ತಳದ ಬೋಲ್ಟ್ ಸಡಿಲ! ಫ್ಯಾನಿನಲ್ಲಿ ಯಾವ ಭಾರವೂ ಇರಲಿಲ್ಲ.

ಅವತ್ತಿನಿಂದ ಯಾರಾದರೂ ಕಾಣದ ಭಾರ ಎಂದರೆ ನನ್ನ ಕೈ ಮೊದಲು ಬೋಲ್ಟಿಗೆ ಹೋಗುತ್ತದೆ. ನಿಮ್ಮ ಗುರುತ್ವದ ಬೋಲ್ಟ್ ಬಿಗಿ ಇದೆಯಾ, ಯಾರಾದರೂ ಒದ್ದು ನೋಡಿದ್ದಾರಾ?

ಯಾವುದಾದರೂ ಒಂದು ಗ್ಯಾಲಕ್ಸಿಗೆ ನನ್ನ ಮೊಂಡು ಸೂತ್ರ ಹಾಕಿ ನೋಡಿ. ನೀವೇ ಆರಿಸಿ, ನನಗೆ ಎಲ್ಲವೂ ಒಂದೇ.

ನಿಮ್ಮ,
ಮೊಂಡುವಾದಿ ಅಮರೇಶ್

*

ಮಹದೇವಪುರ
24 ಫೆಬ್ರವರಿ 2025

ಮೊಂಡುವಾದಿಗಳಿಗೆ,

ಹಾಕಿ ನೋಡಿದೆ. ಯಾಕಾದರೂ ನೋಡಿದೆನೋ!

ನಾನು ಬೇಕೆಂದೇ ಕಷ್ಟದ್ದನ್ನು ಆರಿಸಿದೆ. ಮಂಕಾದ, ಹಿಂಜಿದ ಹತ್ತಿಯ ಹಾಗೆ ಹರಡಿಕೊಂಡ ಗ್ಯಾಲಕ್ಸಿ, ನಕ್ಷತ್ರಕ್ಕಿಂತ ಅನಿಲವೇ ಜಾಸ್ತಿ. ನಮ್ಮ ಲೆಕ್ಕದಲ್ಲಿ ಅದರ ತುಂಬ ಡಾರ್ಕ್ ಮ್ಯಾಟರ್ ತುಂಬಿದರೇ ವೇಗ ಹೊಂದುವುದು. ಅದರ ಅನಿಲ ಎಷ್ಟು ವೇಗದಲ್ಲಿ ಸುತ್ತುತ್ತದೆ ಎಂದು ರೇಡಿಯೋ ದೂರದರ್ಶಕದಿಂದ ಅಳೆದ ಅಂಕಿಗಳನ್ನು ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಆಫೀಸಿನಲ್ಲಿ ಊಟದ ಬಿಡುವಿನಲ್ಲಿ ಕೂತು, ಕಾಣುವ ದ್ರವ್ಯವನ್ನಷ್ಟೇ ಇಟ್ಟುಕೊಂಡು, ನಿಮ್ಮ ಸೂತ್ರದ ಗೆರೆ ಎಳೆದೆ. ಗೆರೆ ಅಳತೆಯ ಚುಕ್ಕಿಗಳ ಮೇಲೆಯೇ ಹೋಗಿ ಕೂತಿತು. ನನ್ನ ಪಕ್ಷದವರು ಪ್ರತಿ ಗ್ಯಾಲಕ್ಸಿಗೂ ಡಾರ್ಕ್ ಮ್ಯಾಟರ್ ಎಷ್ಟು, ಹೇಗೆ ಹರಡಿದೆ ಎಂದು ಬೇರೆ ಬೇರೆಯಾಗಿ ಹೊಂದಿಸಬೇಕು. ನಿಮ್ಮ ಸೂತ್ರಕ್ಕೆ ಅಂಥ ಹೊಂದಾಣಿಕೆಯ ತಿರುಪು ಯಾವುದೂ ಬೇಕಾಗಲಿಲ್ಲ. ನನ್ನ ಮೈ ಜುಮ್ಮೆಂದಿತು, ಆಮೇಲೆ ಸಿಟ್ಟೂ ಬಂತು.

ಪಕ್ಕದಲ್ಲಿ ಕೂರುವ ಶೈಲಶ್ರೀ ನನ್ನ ಮುಖ ನೋಡಿ "ಏನೇ ಮ್ಯಾಟರು?" ಎಂದಳು. "ಡಾರ್ಕ್ ಮ್ಯಾಟರು" ಎಂದೆ. "ಓಹೋ! ಹುಡುಗ ಯಾವ ಟೀಮು?" ಎಂದು ಕುರ್ಚಿ ಎಳೆದುಕೊಂಡು ಬಂದೇಬಿಟ್ಟಳು. ಅವಳಿಗೆ ಗ್ಯಾಲಕ್ಸಿ ಎಂದು ಬಿಡಿಸಿ ಹೇಳುವಷ್ಟರಲ್ಲಿ ಬಿಡುವು ಮುಗಿದಿತ್ತು. ಪಟ್ಟಂದೂರು ಅಗ್ರಹಾರದ ಈ ಕಟ್ಟಡದಲ್ಲಿ ದಿನವಿಡೀ ಮೊಬೈಲ್ ನಕ್ಷೆಯಲ್ಲಿ ರಸ್ತೆ ಹೊಂದಿಸುವುದು ನನ್ನ ಕೆಲಸ. ಇಷ್ಟು ಖುಷಿ ಇಲ್ಲಿ ಕೂತು ನಾನು ಯಾವತ್ತೂ ಪಟ್ಟಿರಲಿಲ್ಲ.

ಒಂದು ಗ್ಯಾಲಕ್ಸಿ ಗೆದ್ದಿರಿ, ಒಪ್ಪಿದೆ. ವಿಶ್ವ ಗೆದ್ದಿಲ್ಲ, ಹಿಗ್ಗಬೇಡಿ.

ನಿವೇದಿತಾ

*

ಜಿಗಣಿ
5 ಮಾರ್ಚ್ 2025

ನಿವೇದಿತಾ ಅವರಿಗೆ,

ಹಿಗ್ಗಿದೆ. ಕಾರ್ಖಾನೆಯ ನಮ್ಮ ಶಾಪಿನಲ್ಲಿ ಎಲ್ಲರಿಗೂ ಟೀ, ಮಸಾಲೆ ವಡೆ ಕೊಡಿಸಿದೆ. ಚಿಕ್ಕಬೈರಪ್ಪ "ಏನ್ ಸಾ, ಮದ್ವೆ ಸೆಟ್ಲಾಯ್ತಾ?" ಎಂದ. "ಇಲ್ಲ ಕಣಪ್ಪ, ಗ್ಯಾಲಕ್ಸಿ ಸೆಟ್ಲಾಯ್ತು" ಎಂದೆ. ಅವನು ಹೊಸ ಮಾಡೆಲ್ ಕಾರು ಅಂದುಕೊಂಡು ಮೈಲೇಜ್ ಎಷ್ಟು ಎಂದು ಕೇಳಿದ.

ನಿಮ್ಮ ಪತ್ರವನ್ನು ಎಷ್ಟು ಸಲ ಓದಿದೆನೋ. ಸೋತವರು ಇಷ್ಟು ಸಂತೋಷದಿಂದ ಬರೆದದ್ದನ್ನು ನಾನು ನೋಡಿರಲಿಲ್ಲ. ನಾನಾಗಿದ್ದರೆ ಆ ಗೆರೆಯನ್ನು ಮೆಲ್ಲಗೆ ಅಳಿಸಿ, ಇನ್ನೊಂದು ಗ್ಯಾಲಕ್ಸಿ ಹುಡುಕುತ್ತಿದ್ದೆ.

ಆದರೆ ಗೆದ್ದ ಮೇಲೆ ನನಗೇ ಅನುಮಾನ ಶುರುವಾಗಿದೆ. ಭಾರ ನಿಜವಾಗಿ ಇದೆಯೋ, ಬೋಲ್ಟ್ ಸಡಿಲವೋ ತಿಳಿಯದಿದ್ದಾಗ ನಾವು ಫ್ಯಾನನ್ನು ಬಿಚ್ಚಿ ಬೇರೆ ಯಂತ್ರಕ್ಕೆ ಹಾಕುತ್ತೇವೆ. ಅಲ್ಲೂ ಅದೇ ಜಾಗದಲ್ಲಿ ಭಾರ ತೋರಿಸಿದರೆ ಭಾರ ಇದೆ ಎಂದೇ ಅರ್ಥ. ನಿಮ್ಮಲ್ಲಿ ಬೇರೆ ಯಂತ್ರ ಇದೆಯಾ? ತಿರುಗುವುದನ್ನು ನೋಡದೆ, ಇನ್ನಾವುದೋ ದಾರಿಯಲ್ಲಿ ಆ ಕಾಣದ ದ್ರವ್ಯವನ್ನು ಹಿಡಿಯಲು ಆಗುತ್ತದಾ?

ಇದ್ದರೆ ಮುಚ್ಚಿಡಬೇಡಿ. ಯುಗಾದಿ ಹತ್ತಿರ ಬಂತು. ನಮ್ಮ ಮನೆಯಲ್ಲಿ ಯಾರೂ ಏನೂ ಕೇಳುತ್ತಿಲ್ಲ, ನಿಮ್ಮಲ್ಲಿ?

ಅಮರೇಶ್

*

ಮಹದೇವಪುರ
12 ಮಾರ್ಚ್ 2025

ವಿಷಯ: ಡಾರ್ಕ್ ಮ್ಯಾಟರ್ ಇದ್ದೇ ಇದೆ ಎಂಬ ಬಗ್ಗೆ.

ಮಾನ್ಯ ಮೊಂಡುವಾದಿಗಳೇ, ಇವತ್ತು ಅರ್ಜಿಯ ಹಾಗೆ ಬರೆಯುತ್ತೇನೆ, ನನ್ನದು ಗಟ್ಟಿ ಕೇಸು!

ಬೇರೆ ಯಂತ್ರ ಇದೆ. ಎಂಥ ಪ್ರಶ್ನೆ ಕೇಳಿದಿರಿ! ಓದಿ ಕುರ್ಚಿಯಿಂದ ಎದ್ದೇಬಿಟ್ಟೆ.

ಗ್ಯಾಲಕ್ಸಿಗಳು ದೊಡ್ಡ ದೊಡ್ಡ ಗುಂಪುಗಳಲ್ಲಿರುತ್ತವೆ. ಅಂಥ ಎರಡು ಗುಂಪು ಹಿಂದೆ ಎಂದೋ ಒಂದಕ್ಕೊಂದು ಡಿಕ್ಕಿ ಹೊಡೆದು ಆಚೀಚೆ ದಾಟಿಹೋಗಿವೆ. ಗುಂಪಿನಲ್ಲಿ ಕಾಣುವ ದ್ರವ್ಯದ ಬಹುಪಾಲು ಬಿಸಿ ಅನಿಲ. ಡಿಕ್ಕಿಯಲ್ಲಿ ಎರಡೂ ಕಡೆಯ ಅನಿಲ ಸಿಕ್ಕಿಹಾಕಿಕೊಂಡು ನಡುವೆ ಉಳಿಯಿತು, ಗ್ಯಾಲಕ್ಸಿಗಳು ಸಂದಿಯಲ್ಲಿ ನುಗ್ಗುವ ಸ್ಕೂಟರುಗಳ ಹಾಗೆ ದಾಟಿಕೊಂಡವು. ಈಗ ಭಾರ ಎಲ್ಲಿದೆ? ತಿರುಗುವುದನ್ನು ನೋಡಬೇಕಿಲ್ಲ. ಭಾರ ಇರುವ ಕಡೆ ಹಿಂದಿನಿಂದ ಬರುವ ಬೆಳಕು ಬಾಗುತ್ತದೆ, ಎಷ್ಟು ಬಾಗಿತು ಎಂದು ಅಳೆದರೆ ಸಾಕು. ಬೋಲ್ಟ್ ಮಾತ್ರ ಸಡಿಲವಾಗಿದ್ದರೆ ಅನಿಲ ಇರುವ ನಡುಭಾಗದಲ್ಲೇ ಬೆಳಕು ಹೆಚ್ಚು ಬಾಗಬೇಕು. ಹೆಚ್ಚು ಬಾಗುವುದು ಆಚೀಚೆ, ದಾಟಿಹೋದವುಗಳ ಸುತ್ತ! ಅಂದರೆ ಯಾರಿಗೂ ತಾಗದೆ, ಯಾರಿಗೂ ಕಾಣದೆ ಏನೋ ಅವುಗಳ ಜೊತೆ ದಾಟಿದೆ. ಇದಕ್ಕೇನು ಹೇಳುತ್ತೀರಿ?

ಇನ್ನೊಂದು ಮಾತು. ಇದನ್ನು ಎಲ್ಲಿಂದ ಶುರು ಮಾಡಲಿ ಎಂದು ತಿಳಿಯದೆ ಪತ್ರದ ಕೊನೆಗೆ ತಂದಿಟ್ಟೆ. ಹೋದ ವರ್ಷ ಪುಣೆಯ ಒಂದು ಸಂಸ್ಥೆಗೆ ಸಂಶೋಧನೆಗೆಂದು ಅರ್ಜಿ ಹಾಕಿದ್ದೆ. ಗ್ಯಾಲಕ್ಸಿಗಳ ತಿರುಗಾಟವೇ ವಿಷಯ. ಸೀಟು ಸಿಕ್ಕಿದೆ. ಜುಲೈಯಲ್ಲಿ ಸೇರಬೇಕು, ಐದು ವರ್ಷ ಅಲ್ಲೇ ಇರಬೇಕು. ನಾನು ಒಬ್ಬಳೇ ಮಗಳು. ಕಣ್ಣಳತೆಯಲ್ಲಿ ಇರುತ್ತಾಳೆ ಎಂದೇ ಅಪ್ಪಾಜಿ ಬೆಂಗಳೂರಿನ ಹುಡುಗನನ್ನು ಹುಡುಕಿದ್ದು. ಪುಣೆ ಎಂದ ಕೂಡಲೇ ಸೀಟೂ ಹೋಗುತ್ತದೆ, ಸಂಬಂಧವೂ ಹೋಗುತ್ತದೆ ಎಂಬ ಹೆದರಿಕೆ.

ಇದು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ನಿಮಗೊಬ್ಬರಿಗೇ ಹೇಳಿದ್ದೇನೆ, ಗುಟ್ಟಾಗಿರಲಿ.

ನಿವೇದಿತಾ

*

ಜಿಗಣಿ
17 ಮಾರ್ಚ್ 2025

ನಿವೇದಿತಾ ಅವರಿಗೆ,

ಖಂಡಿತ ಹೋಗಿ. ಇದರಲ್ಲಿ ಯೋಚಿಸುವುದೇನಿದೆ?

ಆ ಡಿಕ್ಕಿ ಅದ್ಭುತ! ಬಿಳಿ ಹಾಳೆಯ ಮೇಲೆ ಚಿತ್ರ ಬರೆದು ನೋಡಿದೆ, ನನ್ನ ಬೋಲ್ಟ್ ಅಲ್ಲಿ ಕೆಲಸಕ್ಕೆ ಬರುವುದಿಲ್ಲ. ಒಪ್ಪಿದೆ, ಅರ್ಧ. ಯಾಕೆ ಅರ್ಧ ಎಂದರೆ ನಾನೂ ಓದಲು ಶುರು ಮಾಡಿದ್ದೇನೆ. ಎರಡೇ ನಕ್ಷತ್ರ, ಒಂದರಿಂದ ಒಂದು ಬಹಳ ದೂರ, ಆದರೂ ಒಂದನ್ನೊಂದು ನಿಧಾನವಾಗಿ ಸುತ್ತುವ ಜೋಡಿಗಳಿವೆಯಂತೆ. ಅಷ್ಟು ಚಿಕ್ಕ ಜಾಗದಲ್ಲಿ ನಿಮ್ಮ ಡಾರ್ಕ್ ಮ್ಯಾಟರ್ ಲೆಕ್ಕಕ್ಕೇ ಬಾರದು. ಅಲ್ಲೂ ವೇಗ ಹೆಚ್ಚು ಕಂಡರೆ ನಿಯಮವೇ ಬದಲಾಗಬೇಕು. ಒಂದು ಗುಂಪಿನವರು ಹೆಚ್ಚು ಕಂಡಿದೆ ಎನ್ನುತ್ತಾರೆ, ಇನ್ನೊಂದು ಗುಂಪಿನವರು ಅದೇ ಅಂಕಿಗಳನ್ನು ಹಿಡಿದು ಏನೂ ಇಲ್ಲ ಎನ್ನುತ್ತಾರೆ. ಸಕ್ಕತ್ ಜಗಳ! ಕೇಸು ಇನ್ನೂ ನಡೆಯುತ್ತಿದೆ ಮೇಡಂ.

ಪುಣೆಗೆ ಹೋದಮೇಲೆ ಆ ಜೋಡಿಗಳನ್ನೂ ನೋಡಿ.

ಅಮರೇಶ್

*

ಮಹದೇವಪುರ
24 ಮಾರ್ಚ್ 2025

ಮಾನ್ಯರೇ,

ನಿಮ್ಮ ತಾಯಿಯವರು ನಿನ್ನೆ ನಮ್ಮ ಅಮ್ಮನಿಗೆ ಫೋನ್ ಮಾಡಿದ್ದರು. ಅಮ್ಮ ಬಂದು "ಮನೆಯಲ್ಲಿ ಹೇಳದೆ ಏನೋ ಮುಚ್ಚಿಟ್ಟಿದೀಯಂತೆ? ಹುಡುಗನ ಮನೆಯವರಿಗೆಲ್ಲ ಗೊತ್ತಂತೆ. ಏನೇ ಅದು?" ಎಂದರು. ಇನ್ನು ಮುಚ್ಚಿಡುವುದೇನು ಎಂದು ಪುಣೆಯ ವಿಷಯ ಎಲ್ಲ ಒದರಿಬಿಟ್ಟೆ. ಅಪ್ಪಾಜಿ ಆಗಿನಿಂದ ನನ್ನ ಜೊತೆ ಮಾತಾಡಿಲ್ಲ.

ಗುಟ್ಟಾಗಿರಲಿ ಎಂದು ಬರೆದಿದ್ದೆ.

ಇಷ್ಟು ದಿನ ನಿಮ್ಮ ಮನೆಯಿಂದ ಒಂದು ಫೋನೂ ಬಂದಿರಲಿಲ್ಲ. ಗಂಡಿನ ಕಡೆಯವರು ಇಷ್ಟು ಸುಮ್ಮನಿರುವುದನ್ನು ನಾನು ಕಂಡಿಲ್ಲ. ಅದಕ್ಕೊಂದು ಕಾಣದ ಕಾರಣ ಇರಲೇಬೇಕಲ್ಲ? ಮೊದಲೇ ಬೇಡ ಎಂದು ತೀರ್ಮಾನಿಸಿದ್ದಿರಿ. ಅದಕ್ಕೇ "ಖಂಡಿತ ಹೋಗಿ" ಎಂದು ಒಂದು ಸಾಲಿನಲ್ಲಿ ಕೈತೊಳೆದುಕೊಂಡಿರಿ, ಆಮೇಲೆ ನಕ್ಷತ್ರದ ಕಥೆ. ಗೆರೆ ಚುಕ್ಕಿಗಳ ಮೇಲೆ ಸರಿಯಾಗಿ ಕೂರುತ್ತಿದೆ.

ಇನ್ನು ಬರೆಯಬೇಡಿ.

ನಿವೇದಿತಾ ಸಿದ್ದಲಿಂಗಯ್ಯ

*

ಜಿಗಣಿ
27 ಮಾರ್ಚ್ 2025

ನಿವೇದಿತಾ ಅವರಿಗೆ,

ಬರೆಯಬೇಡಿ ಎಂದಿರಿ. ಇದೊಂದನ್ನು ಬರೆಯುತ್ತೇನೆ, ಓದಿ ಹರಿದುಹಾಕಿ.

ಪುಣೆಯ ವಿಷಯ ನಾನು ಯಾರಿಗೂ, ಗೋಡೆಗೂ ಹೇಳಿಲ್ಲ. ನೇರವಾಗಿ ಅವ್ವನನ್ನೇ ಕೇಳಿದೆ. ಅವರು ಸೆರಗಿನ ತುದಿ ತಿರುವುತ್ತ ನಿಂತರು. ಆಮೇಲೆ ನಡೆದ ಮಾತನ್ನು ಹಾಗೆಯೇ ಬರೆಯುತ್ತೇನೆ:

"ನಿನ್ನ ಪತ್ರ ಫ್ರಿಜ್ಜಿನ ಮ್ಯಾಲ ಇತ್ತಪಾ. ಓದಬಾರದಿತ್ತು, ಖರೆ. ಮ್ಯಾಲಿನ ಸಾಲು ನೋಡಿದೆ, ಕೆಳಗಿನ ಸಾಲು ನೋಡಿದೆ. ನಡುವಿಂದು ಏನೂ ಓದಿಲ್ಲ, ನಿನ್ನಾಣಿ."

"ಏನಿತ್ತವ್ವ ಮೇಲೆ?"

"ವಿಷಯ, ಡಾರ್ಕ್ ಮ್ಯಾಟರ್ ಇದ್ದೇ ಇದೆ ಅಂತ ಬರದಾಳ. ಕೆಳಗ, ಮನ್ಯಾಗ ಯಾರಿಗೂ ಗೊತ್ತಿಲ್ಲ, ಗುಟ್ಟಾಗಿರಲಿ ಅಂತ ಬರದಾಳ. ಡಾರ್ಕ್ ಅಂದ್ರ ಕತ್ತಲ. ಮ್ಯಾಟರ್ ಅಂದ್ರ ಮ್ಯಾಟರ್. ನಾ ಏನಂತ ತಿಳಕೋಬೇಕು? ಯಾವನೋ ಅದಾನ ಅಂತ ತಿಳಕೊಂಡೆ. ನಾಳೆ ಮದುವಿ ಆಗಿ ಹುಡುಗಿ ಅಳೋದು ಬ್ಯಾಡ, ಅವರವ್ವಗ ಒಂದು ಮಾತು ಕಿವಿಗೆ ಹಾಕೂಣು ಅಂತ ಫೋನ್ ಮಾಡಿದೆ."

ನಾನು ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯದೆ ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟೆ. ಆಮೇಲೆ ಬಟ್ಟಲು, ಚಮಚ, ತೊಗರಿಬೇಳೆ ಹರವಿಕೊಂಡು ಗ್ಯಾಲಕ್ಸಿ ಏನೆಂದು ಹೇಳಿಕೊಟ್ಟೆ. ಅವ್ವ ಎಲ್ಲ ಕೇಳಿ "ಇಷ್ಟೇನಾ? ಅದಕ್ಕ ಕನ್ನಡದಾಗ ನೆಟ್ಟಗ ಒಂದು ಹೆಸರಿಡಬಾರದಾ?" ಎಂದರು.

ಫೋನ್ ಬಾರದ ಕಾರಣವೂ ಇಷ್ಟೇ. ಹುಡುಗಿಯ ಕಡೆಯವರು ತಾವಾಗಿ ಹೇಳುವ ತನಕ ಯಾರೂ ಫೋನ್ ಮಾಡಿ ಅವಸರ ಮಾಡಬೇಡಿ ಎಂದು ಮೊದಲ ದಿನವೇ ಮನೆಯಲ್ಲಿ ಕಟ್ಟುನಿಟ್ಟಾಗಿ ಹೇಳಿದ್ದೆ. ಅದನ್ನು ನಿಮಗೆ ತಿಳಿಸಬೇಕೆಂದು ಹೊಳೆಯಲಿಲ್ಲ. ನೀವು ಕಾಣದ ಕಾರಣ ಹುಡುಕಿದಿರಿ ನಿವೇದಿತಾ. ಇಲ್ಲಿ ಬೋಲ್ಟ್ ಸಡಿಲವಿತ್ತು.

ಅಪ್ಪಾಜಿಯವರ ಮೌನಕ್ಕೆ ನಾನೂ ಕಾರಣನಾದೆ. ಅದೊಂದು ಸಂಕಟ ಹೋಗುತ್ತಿಲ್ಲ.

ಅಮರೇಶ್

*

ಮಹದೇವಪುರ
14 ಏಪ್ರಿಲ್ 2025

ಅಮರೇಶ್ ಅವರಿಗೆ,

ಪತ್ರವನ್ನು ಹರಿಯಲಿಲ್ಲ. ಅಮ್ಮನ ಮುಂದೆ ಗಟ್ಟಿಯಾಗಿ ಓದಿದೆ. "ಯಾವನೋ ಅದಾನ" ಎಂಬಲ್ಲಿಗೆ ಬಂದಾಗ ಅಮ್ಮ ನಕ್ಕು ನಕ್ಕು ಸೋಫಾದಿಂದ ಜಾರಿದರು. ಒಳಗಿನ ಕೋಣೆಯಿಂದ ಅಪ್ಪಾಜಿಯ ಕೆಮ್ಮು ಕೇಳಿಸಿತು. ಅದು ಕೆಮ್ಮಲ್ಲ, ನಗು ಎಂದು ನನಗೆ ಗೊತ್ತು.

ತಪ್ಪಾಗಿ ತಿಳಿದೆ. ಕ್ಷಮಿಸಿ. ಗ್ಯಾಲಕ್ಸಿಯ ವಿಷಯದಲ್ಲಿ ಹತ್ತು ಸಲ ಪರೀಕ್ಷಿಸದೆ ಮಾತಾಡದವಳು, ನಿಮ್ಮ ವಿಷಯದಲ್ಲಿ ಒಂದು ಸಲವೂ ಕೇಳದೆ ತೀರ್ಪು ಕೊಟ್ಟೆ. ಆಮೇಲೆ ಬರೆಯಲು ಮುಖವಿರಲಿಲ್ಲ, ಅದಕ್ಕೆ ಇಷ್ಟು ತಡ.

ಯುಗಾದಿಯ ದಿನ ಬೇವುಬೆಲ್ಲ ಕೈಗಿಡುತ್ತ ಅಪ್ಪಾಜಿ ಮೊದಲ ಸಲ ಬಾಯಿ ಬಿಟ್ಟರು. "ಪುಣೆಯಲ್ಲಿ ಏನ್ ಮಾಡ್ತೀಯ, ನನಗೆ ಅರ್ಥ ಆಗೋ ಹಾಗೆ ಹೇಳು." ಹೇಳಿದೆ. ಮಧ್ಯಾಹ್ನದ ಹೋಳಿಗೆ ಆರಿ ತಣ್ಣಗಾಗುವ ತನಕ ಹೇಳಿದೆ. ನಿಮ್ಮ ಫ್ಯಾನು, ಬೋಲ್ಟು, ಚಿಕ್ಕಬೈರಪ್ಪನ ಒದೆ ಎಲ್ಲ ಬಂತು. ಕೊನೆಗೆ ಅವರು "ಹೋಗು. ಇಷ್ಟು ಆಸೆ ಇಟ್ಟುಕೊಂಡು ನನಗೆ ಹೇಳಲಿಲ್ಲವಲ್ಲ, ಅದಕ್ಕೇ ನನಗೆ ನೋವಾಗಿದ್ದು" ಎಂದರು. ನಾನು ಅತ್ತೆ. ಅವರೂ ಅತ್ತರು. ಆಮೇಲೆ "ಆ ಹುಡುಗ ಏನಂತಾನೆ?" ಎಂದು ಕೇಳಿದರು.

ನಿಮ್ಮನ್ನೇ ಕೇಳಿ ಹೇಳುತ್ತೇನೆ ಎಂದೆ.

ನೇರವಾಗಿಯೇ ಬರೆಯುತ್ತೇನೆ. "ಖಂಡಿತ ಹೋಗಿ" ಎಂದಿರಲ್ಲ, ಅದು ಸರಿಯಾದ ಮಾತೇ. ಹೋಗಬೇಡಿ ಎಂದಿದ್ದರೆ ಅವತ್ತೇ ಪತ್ರ ನಿಲ್ಲಿಸುತ್ತಿದ್ದೆ. ಆದರೂ ನನಗೆ ಬೇಜಾರಾಯಿತು. ಅಷ್ಟು ಬೇಗ, ಅಷ್ಟು ಸಲೀಸಾಗಿ ಹೇಳಿದಿರಲ್ಲ ಎಂದು. ಯುಗಾದಿ ದಾಟಿದೆ. ನೀವೂ ಕೇಳಿಲ್ಲ, ನಾನೂ ಹೇಳಿಲ್ಲ. ಪುಣೆ ಜಿಗಣಿಯ ಪಕ್ಕದಲ್ಲಿಲ್ಲ.

ನಿವೇದಿತಾ

*

ಜಿಗಣಿ
19 ಏಪ್ರಿಲ್ 2025

ನಿವೇದಿತಾ,

"ಅವರಿಗೆ" ಬಿಟ್ಟಿದ್ದೇನೆ. ತಪ್ಪೆನಿಸಿದರೆ ನೀವೇ ಸೇರಿಸಿಕೊಳ್ಳಿ.

ಯಾಕೆ ಅಷ್ಟು ಬೇಗ ಹೇಳಿದೆ ಎಂದು ಕೇಳಿದಿರಿ. ತಡ ಮಾಡಿದರೆ ಹೋಗಬೇಡಿ ಎಂದು ಬಾಯಿಗೆ ಬಂದುಬಿಡುತ್ತಿತ್ತು. ಮೊದಲ ಸಾಲಿನಲ್ಲೇ ಬರೆದು ಮುಗಿಸಿ, ಆಮೇಲೆ ನಕ್ಷತ್ರದ ಹಿಂದೆ ಅಡಗಿಕೊಂಡೆ. ಎರಡೇ ನಕ್ಷತ್ರ, ಬಹಳ ದೂರ, ಆದರೂ ಒಂದನ್ನೊಂದು ಸುತ್ತುವ ಜೋಡಿ ಎಂದು ಬರೆದಿದ್ದೆನಲ್ಲ, ಅಷ್ಟೂ ನಿಮಗೆ ಹೊಳೆಯಲಿಲ್ಲವಾ? ಇಷ್ಟು ಓದಿದವರು!

ಈಗ ಮೊಂಡುವಾದಿಯ ಕೊನೆಯ ವಾದ ಕೇಳಿ. ನಿಮ್ಮ ನಿಯಮದಲ್ಲಿ ದೂರ ಎರಡರಷ್ಟಾದರೆ ಸೆಳೆತ ಕಾಲುಭಾಗಕ್ಕೆ ಇಳಿಯುತ್ತದೆ. ನನ್ನ ನಿಯಮದಲ್ಲಿ ಹಾಗಲ್ಲ. ಒಂದು ಮಿತಿ ದಾಟಿದ ಮೇಲೆ ದೂರ ಎರಡರಷ್ಟಾದರೂ ಸೆಳೆತ ಅರ್ಧದಷ್ಟು ಉಳಿಯುತ್ತದೆ. ಕಡಿಮೆಯಾಗುವುದಿಲ್ಲ ಎಂದು ಸುಳ್ಳು ಹೇಳುವುದಿಲ್ಲ, ಆಗುತ್ತದೆ. ಐದು ವರ್ಷ ಚಿಕ್ಕದಲ್ಲ, ಬೇಜಾರಿನ ದಿನ ಬರುತ್ತವೆ, ಜಗಳ ಬರುತ್ತವೆ. ಆದರೆ ನೀವು ಹೆದರಿಕೊಂಡಷ್ಟು ಬೇಗ ಅದು ಕಡಿಮೆಯಾಗುವುದಿಲ್ಲ. ಮೊಂಡುತನದ ಲಾಭವೇ ಅದು.

ಅಪ್ಪಾಜಿಯವರಿಗೆ ಹೇಳಿ. ಆ ಹುಡುಗ ಮೊದಲ ದಿನ, ನಿಮ್ಮ ಅಪಾರ್ಟ್‌ಮೆಂಟಿನ ಲಿಫ್ಟ್ ಇಳಿಯುವ ಮುಂಚೆಯೇ ಅವರವ್ವನಿಗೆ "ಹೂಂ" ಎಂದಿದ್ದ. ನಿಮಗೆ ಹೇಳಿದರೆ ನಿಮ್ಮ ಉತ್ತರ ಆ ಕಡೆಗೆ ವಾಲಬಹುದು ಎಂದು ಸುಮ್ಮನಿದ್ದೆ. ಅಳೆಯುವಾಗ ಯಂತ್ರಕ್ಕೆ ಕೈ ತಾಗಿಸಬಾರದು, ಅದು ನಮ್ಮ ಶಾಪಿನ ನಿಯಮ.

ಮದುವೆಯಾಗಿ ಹೋಗುತ್ತೀರೋ, ಹೋಗಿಬಂದು ಆಗುತ್ತೀರೋ, ನಡುವೆ ರಜೆ ಹಾಕಿ ಬರುತ್ತೀರೋ, ನಿಮ್ಮಿಷ್ಟ. ಬೇಡವೆಂದರೂ ಪತ್ರ ನಿಲ್ಲಿಸಬೇಡಿ.

ಅಮರೇಶ್

*

ಮಹದೇವಪುರ
24 ಏಪ್ರಿಲ್ 2025

ಅಮರೇಶ್,

ನಿಮ್ಮ ಪತ್ರವನ್ನು ಆಫೀಸಿಗೆ ತೆಗೆದುಕೊಂಡು ಹೋಗಿ, ರಸ್ತೆಗಳ ನಕ್ಷೆ ಮುಚ್ಚಿಟ್ಟು ಓದಿದೆ. ಓದಿ ಮುಗಿಸಿ ಎಷ್ಟು ಜೋರಾಗಿ ಮೇಜು ಬಡಿದೆನೆಂದರೆ ಶೈಲಶ್ರೀಯ ಕಾಫಿ ಚೆಲ್ಲಿತು. ಮತ್ತೆ ಅದೇ ಪ್ರಶ್ನೆ, "ಏನೇ ಮ್ಯಾಟರು?" ಈ ಸಲ ಅವಳು ತಿಳಿದುಕೊಂಡದ್ದನ್ನು ತಿದ್ದಲು ಹೋಗಲಿಲ್ಲ.

ಮೊದಲು ತೀರ್ಪು. ವಿಶ್ವಕ್ಕೆ ಡಾರ್ಕ್ ಮ್ಯಾಟರ್ ಬೇಕೇ ಬೇಕು. ಆ ಡಿಕ್ಕಿಗೆ ನೀವು ಇನ್ನೂ ಪೂರ್ತಿ ಉತ್ತರ ಕೊಟ್ಟಿಲ್ಲ, ಅರ್ಧ ಒಪ್ಪಿಗೆ ನಾನು ತೆಗೆದುಕೊಳ್ಳುವುದಿಲ್ಲ. ಮಂಕು ಗ್ಯಾಲಕ್ಸಿಯ ಮೇಲೆ ನಿಮ್ಮ ಗೆರೆ ಯಾಕೆ ಹಾಗೆ ಕೂತಿತು ಎಂದು ನನಗೂ ಗೊತ್ತಿಲ್ಲ, ಅದನ್ನು ತಿಳಿಯಲಿಕ್ಕೇ ಹೋಗುತ್ತಿದ್ದೇನೆ. ದೂರದ ಜೋಡಿ ನಕ್ಷತ್ರಗಳ ಕೇಸು ಬಾಕಿ ಇದೆ. ಆದರೆ ಜಿಗಣಿ ಮತ್ತು ಪುಣೆ ಎಂಬ ಒಂದು ಜೋಡಿಯ ಮಟ್ಟಿಗೆ ಕಾಣದ ಕಾರಣ ಯಾವುದೂ ಬೇಕಿಲ್ಲ, ಮೊಂಡುವಾದವೇ ಸಾಕು ಎಂದು ಒಪ್ಪುತ್ತೇನೆ. ಇಷ್ಟು ಸಂತೋಷವಾಗಿ ಯಾರೂ ಸೋತಿರಲಾರರು.

ಅಪ್ಪಾಜಿ ಲಿಫ್ಟಿನ ಕಥೆ ಕೇಳಿ "ನಮ್ಮ ಲಿಫ್ಟ್ ನಿಧಾನ, ಯೋಚನೆ ಮಾಡೋಕೆ ಸಾಕಷ್ಟು ಟೈಮ್ ಸಿಕ್ಕಿರುತ್ತೆ ಬಿಡು" ಎಂದರು. ಅಮ್ಮ ಆಗಲೇ ರವೆ ಹುರಿದಿಟ್ಟಿದ್ದಾರೆ, ಎರಡನೇ ಸಲಕ್ಕೂ ಸೇರಿಸಿ. ಬಸವ ಜಯಂತಿಯ ದಿನ ನಿಮ್ಮ ಅವ್ವನನ್ನು ಕರೆದುಕೊಂಡು ಬನ್ನಿ.

ಹೊರಡುವ ಮುಂಚೆ ಅವರಿಗೆ ಒಂದು ಮಾತು ಹೇಳಿ. ಅವರು ಮೇಲಿನ ಸಾಲು, ಕೆಳಗಿನ ಸಾಲು ಎರಡನ್ನೇ ಓದಿ ತಿಳಿದುಕೊಂಡದ್ದು ತಪ್ಪೇನೂ ಆಗಿರಲಿಲ್ಲ. ಹುಡುಗಿಗೆ ಮನೆಯಲ್ಲಿ ಹೇಳದ ಮ್ಯಾಟರ್ ಒಂದು ಇದ್ದೇ ಇತ್ತು. ಅದು ಜಿಗಣಿಯಲ್ಲಿ ಫ್ಯಾನ್ ಬ್ಯಾಲೆನ್ಸ್ ಮಾಡುತ್ತದೆ.

ನಿಮ್ಮ,
ನಿವೇದಿತಾ